ಅಗ್ನಿವೀರನ ಕಾಲು ಕೈಕೊಟ್ಟಾಗ ಮನೆಯವರು ಏನು ಮಾಡಬೇಕು?

ಅಕ್ಕನ ಮಗ ಅಗ್ನಿವೀರನಾಗಿ ಸೇನೆಯ ತರಬೇತಿಯಲ್ಲಿದ್ದಾನೆ. ಭಾನುವಾರ ಫೋನ್ ಕೈಗೆ ಸಿಕ್ಕ ಕೂಡಲೇ ಅವನು ಹೇಳಿದ್ದು ಇಷ್ಟು: 'ಮಾಮ, ಅಮ್ಮಂಗೆ ಹೇಳ್ಬೇಡಿ. ಎಡಗಾಲು ನೋಯ್ತಿದೆ. ಮೊಣಕಾಲಿನ ಕೆಳಗೆ, ಮುಂದಿನ ಮೂಳೆ. ಎರಡು ವಾರ ಆಯ್ತು.'

ಡಾಕ್ಟರಿಗೆ ತೋರಿಸಿದ್ಯಾ ಅಂದೆ. 'ಇಲ್ಲ. ತೋರಿಸಿದ್ರೆ ರೆಲಿಗೇಟ್ ಮಾಡ್ಬಿಡ್ತಾರೆ.'

ರೆಲಿಗೇಟ್ ಅಂದರೆ ಈಗಿನ ಬ್ಯಾಚಿನಿಂದ ತೆಗೆದು ಅವರ ನಂತರ ಬಂದ ಬ್ಯಾಚಿಗೆ ಹಾಕುವುದು. ಜೊತೆಗೆ ಬಂದವರೆಲ್ಲ ಕಸಮ್ ಪರೇಡ್ (ತರಬೇತಿಯ ಕೊನೆಯ ಪ್ರಮಾಣವಚನದ ಪರೇಡ್) ಮುಗಿಸಿ ಹೊರಡುತ್ತಾರೆ, ಇವನು ಅಲ್ಲೇ ಉಳಿಯುತ್ತಾನೆ. ಹುಡುಗರಿಗೆ ಮೂಳೆ ಮುರಿಯುವುದಕ್ಕಿಂತ ಇದರ ಹೆದರಿಕೆಯೇ ಜಾಸ್ತಿ. ಹಾಗಾಗಿ ಮನೆಯವರ ಕೆಲಸ ಶುರುವಾಗುವುದು ಇಲ್ಲಿಂದ.

ಮೊದಲು: ಬಚ್ಚಿಡದಂತೆ ಮಾಡಿ

'ಬ್ಯಾಚ್ ಹೋದರೆ ಹೋಗಲಿ, ಇನ್ನೊಂದು ಬರುತ್ತೆ. ನಾಳೆ ಬೆಳಿಗ್ಗೆ ಸಿಕ್ ರಿಪೋರ್ಟ್ ಮಾಡು.' ಈ ಮಾತು ಅಪ್ಪನ ಬಾಯಿಂದ ಬಂದರೆ ಇನ್ನೂ ಒಳ್ಳೆಯದು. ಹುಡುಗ ಹೆದರುವುದು ತರಬೇತಿ ಕೊಡುವ ಉಸ್ತಾದರಿಗೆ ಮಾತ್ರ ಅಲ್ಲ, ಊರಿನವರ ಬಾಯಿಗೂ. ಹೊರಡುವ ದಿನ ಹಾರ ಹಾಕಿ, ಬ್ಯಾನರ್ ಕಟ್ಟಿ ಕಳಿಸಿರುತ್ತೇವಲ್ಲ, ಆ ಬ್ಯಾನರಿನ ಭಾರವೂ ಅವನ ಕಾಲಿನ ಮೇಲೇ ಇರುತ್ತದೆ.

ಸಿಕ್ ರಿಪೋರ್ಟ್ ಮಾಡಿದರೆ, ಅಂದರೆ ಹುಷಾರಿಲ್ಲ ಅಂತ ಹೇಳಿಕೊಂಡರೆ, ಎಂಐ ರೂಮಿನಲ್ಲಿ (ಯೂನಿಟ್ಟಿನ ಚಿಕಿತ್ಸಾ ಕೊಠಡಿಯಲ್ಲಿ) ಡಾಕ್ಟರ್ ನೋಡುತ್ತಾರೆ. ಬೇಕಾದರೆ ಮಿಲಿಟರಿ ಆಸ್ಪತ್ರೆಗೆ ಕಳಿಸುತ್ತಾರೆ. ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ.

ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ. 'ಹೆಬ್ಬೆರಳಿಂದ ಮೂಳೆ ಉದ್ದಕ್ಕೂ ಒತ್ತು. ಎಲ್ಲಾ ಕಡೆ ನೋಯುತ್ತಾ, ಒಂದೇ ಕಡೆನಾ?' ಎಲ್ಲಾ ಕಡೆ ಮಂದವಾಗಿ ನೋವಿದ್ದರೆ ಬಹುಪಾಲು ಸ್ನಾಯುಗಳ ಎಳೆತ. ನಾಣ್ಯದಷ್ಟು ಅಗಲದ ಒಂದೇ ಜಾಗದಲ್ಲಿ ಜೀವ ಹೋಗುವಂತೆ ನೋವಾದರೆ ಸ್ಟ್ರೆಸ್ ಫ್ರಾಕ್ಚರ್ ಇರಬಹುದು, ಅಂದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಇದು ಊಹೆ ಅಷ್ಟೇ, ತೀರ್ಮಾನ ಡಾಕ್ಟರದ್ದು. ಆದರೆ ತೊಡೆಯ ಸಂದಿಯಲ್ಲಿ, ಕಾಲೂರಿದಾಗ ನೋವು ಬರುತ್ತಿದ್ದರೆ ಒಂದು ದಿನವೂ ತಡ ಮಾಡಬಾರದು. ತೊಡೆಮೂಳೆಯ ಕತ್ತು ಬಿರುಕುಬಿಟ್ಟು ಜಾರಿದರೆ ಆಪರೇಷನ್ನೇ ಗತಿ.

ಇದು ಕೈಲಾಗದವರ ಕಾಯಿಲೆ ಅಲ್ಲ

ಮೂಳೆ ಕಲ್ಲಿನಂತೆ ಸುಮ್ನೆ ಬಿದ್ದಿರುವುದಿಲ್ಲ. ಜಾಸ್ತಿ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕೆಡವುವುದು ಬೇಗ, ಕಟ್ಟುವುದು ನಿಧಾನ. ಮನೆ ರಿಪೇರಿ ಮಾಡಿಸಿದವರಿಗೆ ಗೊತ್ತು, ಅಲ್ವಾ? ಆ ನಡುವಿನ ವಾರಗಳಲ್ಲೇ ದಿನವೂ ಓಟ, ಡ್ರಿಲ್, ಬೂಟು ಹಾಕಿಕೊಂಡು ಮಾರ್ಚ್. ಅಲ್ಲಿಗೆ ಬಿರುಕು.

ರ್‍ಯಾಲಿಯಲ್ಲಿ ಸೇನಾ ಭರ್ತಿಗಾಗಿ 1.6 ಕಿ.ಮೀ. ಓಡಿ ಗೆದ್ದ ಹುಡುಗನಿಗೇ ಹೀಗಾಗುತ್ತದೆ. 1855ರಲ್ಲೇ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್, ನಡೆದು ನಡೆದು ಪಾದ ಊದಿಕೊಂಡ ಸೈನಿಕರ ಬಗ್ಗೆ ಬರೆದಿದ್ದರು. ಆಗಿನ್ನೂ ಎಕ್ಸ್‌ರೇ ಇರಲೇ ಇಲ್ಲ. ಇವತ್ತಿನ ಎಕ್ಸ್‌ರೇಯಲ್ಲೂ ಮೊದಲ ಎರಡು ಮೂರು ವಾರ ಈ ಬಿರುಕು ಕಾಣದೇ ಇರಬಹುದು. 'ಎಕ್ಸ್‌ರೇ ಕ್ಲಿಯರ್ ಇದೆ, ನಾಟಕ ಮಾಡ್ತಿದ್ದಾನಾ?' ಅಂತ ಮನೆಯವರೇ ಕೇಳಿಬಿಟ್ಟರೆ ಹುಡುಗ ಮತ್ತೆ ಬಾಯಿ ಬಿಡುವುದಿಲ್ಲ. ನೋವು ಹೋಗದಿದ್ದರೆ ಇನ್ನೊಮ್ಮೆ ತೋರಿಸು, ಎಂಆರ್‌ಐ ಬೇಕಾ ಕೇಳು ಅನ್ನಿ.

ಸಿಕ್ ಲೀವ್‌ನಲ್ಲಿ ಮನೆಗೆ ಬಂದರೆ

ಪ್ರೀತಿಯಿಂದಲೇ ಹೆಚ್ಚು ಎಡವಟ್ಟಾಗುವುದು ಈಗ. ನಮ್ಮ ಮನೆಯಲ್ಲೂ ಆಯಿತು. ಹುಡುಗ ಚೀಲ ಇಳಿಸುವ ಮೊದಲೇ ಅಜ್ಜಿ ಎಳ್ಳೆಣ್ಣೆ ಬಿಸಿ ಮಾಡಿ ತಂದರು. ಬಿರುಕು ಬಿಟ್ಟ ಮೂಳೆಯನ್ನು ಗಸಗಸ ತಿಕ್ಕಿದರೆ ಏನಾದೀತು ಯೋಚಿಸಿ. 'ಅಜ್ಜಿ, ತಲೆಗೆ ಹಚ್ಚಿ' ಅಂತ ಅವನೇ ತಲೆ ಒಡ್ಡಿದ. ಅಜ್ಜಿಗೂ ಸಮಾಧಾನ, ಕಾಲಿಗೂ ಸಮಾಧಾನ.

ಮೂಳೆ ಕಟ್ಟುವವರ ಹತ್ತಿರ ಕರೆದುಕೊಂಡು ಹೋಗಬೇಡಿ. ಮಿಲಿಟರಿ ಡಾಕ್ಟರ್ ಹೇಳಿದ್ದಷ್ಟೇ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ನುಂಗಿಸುವುದೂ ಬೇಡ. ನೋವು ಮುಚ್ಚಿಹೋದರೆ ಮೂಳೆ ಎಚ್ಚರಿಸುವುದು ಹೇಗೆ?

ಕಾಲಿನ ಮುಂದಿನ ಮೂಳೆಯ ಸಾಮಾನ್ಯ ಬಿರುಕು ಕೂಡಲು 6ರಿಂದ 8 ವಾರ ಹಿಡಿಯುತ್ತದೆ. ಪೂರ್ತಿ ಓಟಕ್ಕೆ ಮರಳಲು ಇನ್ನೂ ಹೆಚ್ಚು. ಮೊದಲು ನೋವಿಲ್ಲದೆ ನಡೆಯಬೇಕು. ಆಮೇಲೆ ಡಾಕ್ಟರ್ ಒಪ್ಪಿದರೆ ಸೈಕಲ್, ಈಜು. ಓಟ ಕೊನೆಗೆ, ಅದೂ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಅನ್ನುವ ಲೆಕ್ಕದಲ್ಲಿ, ಮಣ್ಣಿನ ಮೈದಾನದಲ್ಲಿ. ರಜೆಯ ಕೊನೇ ವಾರ 'ಟಚ್ ಬಿಟ್ಟು ಹೋಗುತ್ತೆ' ಅಂತ ಬೆಳಗಿನ ಜಾವ ಐದಕ್ಕೆ ಡಾಂಬರು ರಸ್ತೆಯಲ್ಲಿ ಓಡಲು ಹೊರಟರೆ ಗೇಟಿಗೆ ಬೀಗ ಹಾಕಿ. ಕೈ, ಎದೆ, ಹೊಟ್ಟೆಯ ಕಸರತ್ತು ಕೇಳಿಕೊಂಡು ಮಾಡಬಹುದು, ಮನಸ್ಸಿಗೂ ಒಳ್ಳೆಯದು.

ಊಟದ ವಿಷಯದಲ್ಲಿ ನಾವು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ, ಮೊಟ್ಟೆ, ಮೊಸರು, ಕಾಳು ಹಾಕಿ. ಅಮೆರಿಕದ ನೌಕಾಪಡೆಯ ಮಹಿಳಾ ರಿಕ್ರೂಟ್‌ಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ತೆಗೆದುಕೊಂಡವರಲ್ಲಿ ಸ್ಟ್ರೆಸ್ ಫ್ರಾಕ್ಚರ್ ಸುಮಾರು ಶೇ 20 ಕಡಿಮೆ ಇತ್ತು. ಮಾತ್ರೆ ಬೇಕೋ ಬೇಡವೋ ಡಾಕ್ಟರ್ ಹೇಳಲಿ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ. ಗೆಳೆಯರ ಪಾರ್ಟಿಗೆ ಕಳಿಸುವ ಮೊದಲು ಇದನ್ನು ನೆನಪಿಸಿ.

ಕಾಗದ ಪತ್ರ, ತಾರೀಕು

ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ರಜೆಯ ಪತ್ರ ಒಂದೇ ಫೈಲಿನಲ್ಲಿರಲಿ. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ, ಅದರಲ್ಲಿ ನಂಬರು, ಯೂನಿಟ್ ಎಲ್ಲ ಇರುತ್ತದೆ. ವಾಪಸ್ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜಾತ್ರೆ ಇದೆ, ಮದುವೆ ಇದೆ ಅಂತ ಎರಡು ದಿನ ಉಳಿಸಿಕೊಂಡರೆ ಸೇನಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ನಿಜವಾಗಿಯೂ ಹೊರಡಲಾಗದಿದ್ದರೆ ತಾರೀಕು ಮುಗಿಯುವ ಮೊದಲೇ ಅವನ ಕಂಪನಿಗೆ (ತರಬೇತಿಯ ತುಕಡಿಗೆ) ಫೋನ್ ಮಾಡಿ, ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಿ.

ಹುಡುಗ ಸೇವೆಗೆ ತಕ್ಕವನೋ ಅಲ್ಲವೋ ಹೇಳುವುದು ಸೇನಾ ವೈದ್ಯರ ಮೆಡಿಕಲ್ ಬೋರ್ಡ್. 'ಮೆಡಿಕಲ್ ಬೋರ್ಡ್ ನಾನು ನೋಡ್ಕೋತೀನಿ, ಇಷ್ಟು ಕೊಡಿ' ಅನ್ನುವವರು ಬಂದರೆ ಕಾಫಿಯನ್ನೂ ಕೊಡಬೇಡಿ. ಸಂಶಯವಿದ್ದರೆ ಊರಿನ ನಿವೃತ್ತ ಸುಬೇದಾರರನ್ನು ಕೇಳಿ. ಅರ್ಧ ಗಂಟೆ ಹಳೇ ಕತೆ ಕೇಳಬೇಕಾಗುತ್ತದೆ, ಆದರೆ ಕೊನೆಗೆ ಉಪಯೋಗದ ಮಾತು ಸಿಗುತ್ತದೆ.

ಹುಡುಗ ನಿದ್ದೆ ಬಿಟ್ಟರೆ, ಊಟ ಬಿಟ್ಟರೆ, ಬದುಕಿ ಏನು ಪ್ರಯೋಜನ ಅನ್ನುವ ಥರ ಮಾತಾಡಿದರೆ ಒಬ್ಬನೇ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಹೋದ ಮೇಲೆ

ಹೊಸ ಬ್ಯಾಚಿನಲ್ಲಿ ಅವನೇ ಸೀನಿಯರ್, ಅವನೇ ಹೊಸಬ. ಮೊದಲ ಕೆಲವು ಭಾನುವಾರ ಪರೇಡ್, ರ್‍ಯಾಂಕ್ ಎಲ್ಲ ಕೇಳಬೇಡಿ. ಊಟ, ನಿದ್ದೆ, ಗೆಳೆಯರು ಕೇಳಿ. ಕೊನೆಯಲ್ಲಿ ಹಳೇ ಜಾಗ ಒತ್ತಿ ನೋಡು ಅನ್ನಿ.

ನಾನೂ ಕೇಳಿದೆ.

'ಒತ್ತಿದೆ ಮಾಮ, ಏನಿಲ್ಲ. ಆದ್ರೆ ಬಲಗಾಲ ಹಿಮ್ಮಡೀಲಿ ಬೊಬ್ಬೆ ಬಂದಿದೆ.'

'ಸಿಕ್ ರಿಪೋರ್ಟ್?'

'ಬೊಬ್ಬೆಗಾ? ಉಸ್ತಾದ್ ನಗ್ತಾರೆ, ಬಿಡಿ.'