ಹಳೇ ಇನ್‌ಸ್ಟ್ರುಮೆಂಟ್‌ಗಳಲ್ಲಿ ಆಂಪ್ಲಿಫೈಯರ್ ಅಳೆಯೋದು: ನಾನು ಮಾಡೋ ರೀತಿ

ಆಡಿಯೋ ಕೆಲಸಕ್ಕೆ ಅಂತ ನನ್ನ ಬೆಂಚ್ ಮೇಲೆ ಇರೋದು ನಾಲ್ಕೇ ಐಟಂ. ಎಚ್‌ಪಿ 334ಎ ಡಿಸ್ಟಾರ್ಷನ್ ಅನಲೈಸರ್ (ಆಂಪ್ ಸಿಗ್ನಲ್‌ನ ಎಷ್ಟು ಕೆಡಿಸುತ್ತೆ ಅಂತ ಅಳೆಯೋದು), ಎಚ್‌ಪಿ 400ಇ ಎಸಿ ವೋಲ್ಟ್‌ಮೀಟರ್, ಒಳಗೆ ಸಣ್ಣ ಬಲ್ಬ್ ಇರೋ ವೀನ್ ಬ್ರಿಡ್ಜ್ ಆಸಿಲೇಟರ್ (ಟೆಸ್ಟ್‌ಗೆ ಬೇಕಾದ ಸೈನ್ ವೇವ್ ಕೊಡೋದು), ಟೆಕ್ಟ್ರಾನಿಕ್ಸ್ 465 ಸ್ಕೋಪ್ (ಸಿಗ್ನಲ್‌ನ ಆಕಾರ ತೆರೆ ಮೇಲೆ ತೋರಿಸೋದು). ಈಗಿನ ಒಳ್ಳೇ ಯುಎಸ್‌ಬಿ ಸೌಂಡ್‌ಕಾರ್ಡ್ ಒಂದಿದ್ರೆ ಇದಕ್ಕಿಂತ ಕಡಿಮೆ ಡಿಸ್ಟಾರ್ಷನ್ ಅಳೀಬಹುದು, ಅದು ನಿಜ. ಆದ್ರೆ ಪವರ್ ಆಂಪ್ ಔಟ್‌ಪುಟ್‌ನ ನೇರವಾಗಿ ಅದಕ್ಕೆ ಕೊಟ್ರೆ ಇನ್‌ಪುಟ್ ಸುಟ್ಟೇ ಹೋಗುತ್ತೆ, 334ಎಗೆ 300 ವೋಲ್ಟ್ ರೇಂಜ್ ವರೆಗೂ ಇದೆ, ಹೆದರಿಕೆ ಇಲ್ಲದೆ ಹಾಕ್ಬಹುದು. ಇನ್ನೊಂದು ಕಾರಣ, ಮತ್ತೆ ಇದೇ ಮುಖ್ಯ ಕಾರಣ, ಇದರ ಔಟ್‌ಪುಟ್ ಟರ್ಮಿನಲ್. ಮೂಲ ಫ್ರೀಕ್ವೆನ್ಸಿನ ತೆಗೆದು ಹಾಕಿದ ಮೇಲೆ ಉಳಿಯೋ ಸಿಗ್ನಲ್ ಅಲ್ಲಿ ಬರುತ್ತೆ, ಅದನ್ನ ಸ್ಕೋಪ್‌ನಲ್ಲಿ ನೋಡ್ತಾ ಸ್ಕ್ರೂಡ್ರೈವರ್ ತಿರುಗಿಸಬಹುದು.

ಯಾವ ಹಳೇ ಇನ್‌ಸ್ಟ್ರುಮೆಂಟ್ ಬಂದ್ರೂ ನೇರ ಪ್ಲಗ್‌ಗೆ ಹಾಕಲ್ಲ. ಹಿಂದೆ ಇರೋ 115/230 ಸ್ವಿಚ್ ಯಾವ ಕಡೆ ಇದೆ ನೋಡ್ಬೇಕು, ಅರ್ಥ್ ಪಿನ್ ನಿಜವಾಗ್ಲೂ ಚಾಸಿಗೆ ಸೇರಿದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡ್ಬೇಕು, ಆಮೇಲೆ ಸೀರೀಸ್ ಬಲ್ಬ್ (ಮೇನ್ಸ್ ತಂತಿಯ ಸರಣಿಯಲ್ಲಿ ಹಾಕೋ ಸಾದಾ ಬಲ್ಬ್) ಮೂಲಕ ಆನ್. ಬಲ್ಬ್ ಒಮ್ಮೆ ಮಿಂಚಿ ಮಂಕಾದ್ರೆ ಸರಿ, ಹಾಗೇ ಉರೀತಾ ಇದ್ರೆ ಒಳಗೆ ಎಲ್ಲೋ ಶಾರ್ಟ್ ಇದೆ. ಪವರ್ ಸಪ್ಲೈ ಕೆಪಾಸಿಟರ್‌ಗಳನ್ನ ಬದಲಾಯಿಸಿ, ರೋಟರಿ ಸ್ವಿಚ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ನಾಲ್ಕಾರು ಸಲ ತಿರುಗಿಸಿದ್ರೆ ಅರ್ಧ ತೊಂದರೆ ಅಲ್ಲೇ ಹೋಗುತ್ತೆ.

ಆಂಪ್ ಮುಟ್ಟೋಕೆ ಮುಂಚೆ ಮಾಡೋ ಕೆಲಸ ಒಂದಿದೆ: ಆಸಿಲೇಟರ್‌ನ ನೇರ ಅನಲೈಸರ್‌ಗೆ ಕೊಟ್ಟು ನೋಡೋದು. ನನ್ನ ಸೆಟಪ್‌ನಲ್ಲಿ 1 ಕಿಲೋಹರ್ಟ್ಜ್‌ಗೆ 0.035% ಬರುತ್ತೆ. ಅಂದ್ರೆ ಯಾವ ಆಂಪ್ ಹಾಕಿದ್ರೂ ಮುಳ್ಳು ಅದರ ಹತ್ತಿರ ನಿಂತ್ರೆ ನಾನು ಆಂಪ್‌ನ ಅಳೀತಾ ಇಲ್ಲ, ನನ್ನ ಮೀಟರ್‌ನೇ ಅಳೀತಾ ಇದೀನಿ. 0.04% ಬಂತು, 0.035 ಕಳೆದ್ರೆ 0.005 ಅಂತ ಲೆಕ್ಕ ಹಾಕೋ ಹಾಗೂ ಇಲ್ಲ, ಯಾಕಂದ್ರೆ ಆಸಿಲೇಟರ್‌ನ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಬರೋ ಸಿಗ್ನಲ್), ಆಂಪ್‌ನ ಹಾರ್ಮೋನಿಕ್ ಎರಡೂ ಫೇಸ್ ನೋಡ್ಕೊಂಡು ಕೂಡಬಹುದು, ಒಂದನ್ನೊಂದು ಕಳೀಬಹುದು. ಇದೇ ಟೆಸ್ಟ್‌ನ 20 ಹರ್ಟ್ಜ್‌ನಲ್ಲೂ ಮಾಡಿ ಇಟ್ಕೊಳ್ಳಿ. ವೀನ್ ಬ್ರಿಡ್ಜ್‌ನಲ್ಲಿ ಲೆವೆಲ್ ಕಂಟ್ರೋಲ್ ಮಾಡೋದು ಬಲ್ಬ್‌ನ ಫಿಲಮೆಂಟ್, 1939ರ ಎಚ್‌ಪಿ 200ಎಯಿಂದ ಬಂದ ಉಪಾಯ ಅದು, ಫಿಲಮೆಂಟ್ ನಿಧಾನವಾಗಿ ಬಿಸಿಯಾಗೋದ್ರಿಂದ್ಲೇ ಅದು ಕೆಲಸ ಮಾಡೋದು. ಆದ್ರೆ ಫ್ರೀಕ್ವೆನ್ಸಿ ತುಂಬಾ ಕಮ್ಮಿ ಆದಾಗ ಒಂದೊಂದು ಸೈಕಲ್ ಒಳಗೇ ಫಿಲಮೆಂಟ್ ಬಿಸಿಯಾಗಿ ತಣ್ಣಗಾಗೋಕೆ ಶುರುವಾಗುತ್ತೆ, ಆಗ ಡಿಸ್ಟಾರ್ಷನ್ ಏರುತ್ತೆ. ರೇಂಜ್ ಬದಲಾಯಿಸಿದಾಗ ಲೆವೆಲ್ ತೂಗಾಡೋದೂ ಇದೇ ಬಲ್ಬ್‌ನಿಂದ, ಅದು ನಿಲ್ಲೋವರೆಗೂ ಕಾಯ್ಬೇಕು.

ಲೋಡ್‌ಗೆ, ಅಂದ್ರೆ ಸ್ಪೀಕರ್ ಬದಲು ಹಾಕೋಕೆ, ಅಲ್ಯೂಮಿನಿಯಂ ಕವಚದ ವೈರ್‌ವೌಂಡ್ ರೆಸಿಸ್ಟರ್‌ಗಳನ್ನ ದೊಡ್ಡ ಹೀಟ್‌ಸಿಂಕ್ ಮೇಲೆ ಕೂರಿಸಿದೀನಿ, 8 ಓಮ್ಸ್. ನಾನ್ ಇಂಡಕ್ಟಿವ್ (ಕಾಯಿಲ್‌ನ ಗುಣ ಇಲ್ಲದ್ದು) ಅಲ್ಲದಿದ್ರೆ ಅಳತೆ ಎಲ್ಲಾ ವೇಸ್ಟ್ ಅಂತ ಹೇಳೋರಿದಾರೆ, ನಂಗೆ ಅಷ್ಟೇನೂ ಅನ್ಸಲ್ಲ. 5 ಮೈಕ್ರೋಹೆನ್ರಿ ಇದ್ರೂ 20 ಕಿಲೋಹರ್ಟ್ಜ್‌ನಲ್ಲಿ 0.63 ಓಮ್ ಅಷ್ಟೇ, ಅದನ್ನ 8ರ ಜೊತೆ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದ್ರೆ ಒಟ್ಟು 8.02. ಸೈನ್ ವೇವ್ ಪವರ್ ಟೆಸ್ಟ್‌ಗೆ ಧಾರಾಳ ಸಾಕು, ಸ್ಕ್ವೇರ್ ವೇವ್ ನೋಡುವಾಗ ಮಾತ್ರ ಎಚ್ಚರ. ಇನ್ನು ಬ್ರಿಡ್ಜ್ ಔಟ್‌ಪುಟ್ (ಎರಡೂ ಸ್ಪೀಕರ್ ಟರ್ಮಿನಲ್‌ನಲ್ಲೂ ಸಿಗ್ನಲ್) ಇರೋ ಆಂಪ್ ಆದ್ರೆ ಸ್ಕೋಪ್ ಪ್ರೋಬ್‌ನ ಗ್ರೌಂಡ್ ಕ್ಲಿಪ್‌ನ ಯಾವ ಸ್ಪೀಕರ್ ಟರ್ಮಿನಲ್‌ಗೂ ಹಾಕಲೇಬೇಡಿ, ಆ ಕ್ಲಿಪ್ ಮೇನ್ಸ್ ಅರ್ಥ್‌ಗೆ ಹೋಗಿರುತ್ತೆ. ಎರಡು ಪ್ರೋಬ್ ಹಾಕಿ, ಒಂದು ಚಾನೆಲ್ ಇನ್ವರ್ಟ್ ಮಾಡಿ, ಆಡ್ ಮೋಡ್‌ನಲ್ಲಿ ನೋಡಿ.

ಈಚೆಗೆ ರಿಪೇರಿ ಮಾಡಿದ 50 ವ್ಯಾಟ್‌ನ ಕ್ಲಾಸ್ ಎಬಿ ಸ್ಟೀರಿಯೋ ಆಂಪ್ ಒಂದರ ಅಳತೆ ಹೇಳ್ತೀನಿ. ಎರಡೂ ಚಾನೆಲ್‌ಗೆ ಲೋಡ್ ಹಾಕಿ, 1 ಕಿಲೋಹರ್ಟ್ಜ್ ಕೊಟ್ಟು ಏರಿಸ್ತಾ ಹೋದೆ. ಸೈನ್ ವೇವ್‌ನ ತಲೆ ಚಪ್ಪಟೆಯಾಗಿದ್ದು ಕಣ್ಣಿಗೆ ಕಾಣೋ ಹೊತ್ತಿಗೆ ತಡವಾಗಿರುತ್ತೆ, 1% ಡಿಸ್ಟಾರ್ಷನ್ ಬರೀ ಕಣ್ಣಲ್ಲಿ ಹಿಡಿಯೋದು ಕಷ್ಟ, ಹಾಗಾಗಿ ನಾನು ನೋಡೋದು ಎರಡನೇ ಚಾನೆಲ್‌ನ, ಅಲ್ಲಿ 334ಎಯಿಂದ ಬರೋ ಉಳಿಕೆ ಸಿಗ್ನಲ್ ಇರುತ್ತೆ. ಸೈನ್‌ನ ನೆತ್ತಿಗೆ ಸರಿಯಾಗಿ ಸ್ಪೈಕ್‌ಗಳು ಎದ್ದ ಕೂಡ್ಲೇ ಕ್ಲಿಪ್ಪಿಂಗ್ (ತಲೆ ಚಪ್ಪಟೆಯಾಗೋದು) ಶುರು ಅಂತ ಅರ್ಥ. 20.4 ವೋಲ್ಟ್‌ಗೆ ಎದ್ವು, ವರ್ಗ ಮಾಡಿ 8ರಿಂದ ಭಾಗಿಸಿದ್ರೆ 52 ವ್ಯಾಟ್.

ಫುಲ್ ಪವರ್ ನಂಬರ್‌ಗಿಂತ ನಂಗೆ 1 ವ್ಯಾಟ್‌ನ ಅಳತೆ ಮೇಲೆ ಹೆಚ್ಚು ಆಸಕ್ತಿ, ನಾವು ಹಾಡು ಕೇಳೋದು ಹೆಚ್ಚಾಗಿ ಅಲ್ಲೇ. 2.83 ವೋಲ್ಟ್‌ಗೆ ಇಳಿಸಿದೆ, ಮುಳ್ಳು 0.09% ತೋರಿಸ್ತು. ನಂಬರ್ ಏನೂ ಕೆಟ್ಟದಲ್ಲ. ಆದ್ರೆ ಸ್ಕೋಪ್ ಬೇರೆ ಕತೆ ಹೇಳ್ತಿತ್ತು: ಸೈನ್ ವೇವ್ ಸೊನ್ನೆ ದಾಟೋ ಪ್ರತಿ ಜಾಗದಲ್ಲೂ ಸಣ್ಣ ಚೂಪಾದ ಸ್ಪೈಕ್, ಒಂದು ಸೈಕಲ್‌ಗೆ ಎರಡು. ಇದೇ ಕ್ರಾಸೋವರ್ ಡಿಸ್ಟಾರ್ಷನ್, ಅಲೆಯ ಒಂದು ಅರ್ಧ ನೋಡ್ಕೊಳ್ಳೋ ಟ್ರಾನ್ಸಿಸ್ಟರ್‌ನಿಂದ ಇನ್ನೊಂದಕ್ಕೆ ಕೆಲಸ ದಾಟುವಾಗ ಆಗೋ ಕುಂದು. ಹೊತ್ತಿನ ಹೆಚ್ಚಿನ ಭಾಗ ಸುಮ್ನಿದ್ದು ಒಂದೇ ಕ್ಷಣ ಚುಚ್ಚೋ ಈ ಸ್ಪೈಕ್‌ನ ಮೀಟರ್ ಸರಾಸರಿ ಮಾಡಿ ಚಿಕ್ಕದಾಗಿ ತೋರಿಸಿಬಿಡುತ್ತೆ, ಕಿವಿಗೆ ಮಾತ್ರ ಅದು ಒರಟಾಗೇ ಕೇಳುತ್ತೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಎಮಿಟರ್ ರೆಸಿಸ್ಟರ್ 0.22 ಓಮ್, ಅದರ ಮೇಲೆ 4 ಮಿಲಿವೋಲ್ಟ್ ಮಾತ್ರ ಇತ್ತು, ಅಂದ್ರೆ ಬಯಾಸ್ (ಸಿಗ್ನಲ್ ಇಲ್ಲದಾಗ್ಲೂ ಟ್ರಾನ್ಸಿಸ್ಟರ್‌ನಲ್ಲಿ ಹರಿಯೋ ಸಣ್ಣ ಕರೆಂಟ್) ತುಂಬಾ ಕಮ್ಮಿ. ಬಯಾಸ್ ಪ್ರಿಸೆಟ್‌ನ ಕೂದಲೆಳೆಯಷ್ಟು ತಿರುಗಿಸ್ತಾ ಹೋದ ಹಾಗೆ ಸ್ಪೈಕ್ ಕುಗ್ತಾ ಬಂತು, 20 ಮಿಲಿವೋಲ್ಟ್ ಆಸುಪಾಸಿನಲ್ಲಿ ನಾಯ್ಸ್ ಒಳಗೆ ಮುಳುಗಿಹೋಯ್ತು. ಅಲ್ಲಿಗೆ ನಿಲ್ಲಿಸಿ, ಹೀಟ್‌ಸಿಂಕ್ ಬಿಸಿಯಾಗೋಕೆ ಬಿಟ್ಟು, ಮತ್ತೆ ನೋಡಿ ಸ್ವಲ್ಪ ಸರಿ ಮಾಡಿದೆ. ಸ್ಕೋಪ್ ಟ್ರಿಗರ್‌ನ ಆಸಿಲೇಟರ್‌ನಿಂದ್ಲೇ ತಗೊಳ್ಳಿ, ಉಳಿಕೆ ಸಿಗ್ನಲ್‌ನಿಂದ ತಗೊಂಡ್ರೆ ಚಿತ್ರ ನಿಲ್ಲಲ್ಲ.

ಈಗ ಮೀಟರ್ 0.04% ಹತ್ತಿರ, ಅಂದ್ರೆ ಮೀಟರ್‌ನದೇ ಮಿತಿ. ಇನ್ನೂ ಕೆಳಗೆ ನೋಡ್ಬೇಕಂದ್ರೆ ಆಂಪ್‌ಗೂ ಅನಲೈಸರ್‌ಗೂ ಮಧ್ಯೆ ಒಂದು ಟ್ವಿನ್ ಟಿ ನಾಚ್ (ಒಂದೇ ಫ್ರೀಕ್ವೆನ್ಸಿನ ತೆಗೆದು ಹಾಕೋ ಫಿಲ್ಟರ್) ಹಾಕ್ತೀನಿ: 16 ಕಿಲೋ ಓಮ್, 10 ನ್ಯಾನೋಫ್ಯಾರಡ್, ಮಧ್ಯದ ಕಾಲುಗಳಿಗೆ ಅವೇ ಎರಡೆರಡು ಪ್ಯಾರಲಲ್. ನಾಚ್ ಬರೋದು 995 ಹರ್ಟ್ಜ್‌ಗೆ, ಆಸಿಲೇಟರ್‌ನೇ ಅಲ್ಲಿಗೆ ತರೋದು. ಕೆಪಾಸಿಟರ್ ಪಾಲಿಪ್ರೊಪಿಲಿನ್ ಇರ್ಲಿ, ಸಾದಾ ಸೆರಾಮಿಕ್ ಹಾಕಿದ್ರೆ ಅದೇ ಡಿಸ್ಟಾರ್ಷನ್ ಸೇರಿಸುತ್ತೆ. ಈ ನಾಚ್ ಎರಡನೇ ಹಾರ್ಮೋನಿಕ್‌ನ 9 ಡಿಬಿ, ಮೂರನೇದನ್ನ 5 ಡಿಬಿ ತಿನ್ನುತ್ತೆ, ಅದನ್ನ ವಾಪಸ್ ಸೇರಿಸ್ಕೋಬೇಕು. ಮತ್ತೆ ಇದು ಅನಲೈಸರ್‌ನ ಮಿತಿಯನ್ನ ಮಾತ್ರ ಕೆಳಗಿಳಿಸೋದು, ಆಸಿಲೇಟರ್‌ನ ಹಾರ್ಮೋನಿಕ್‌ಗೆ ಅದರ ಮುಂದೆ ಬೇರೆ ಫಿಲ್ಟರ್ ಬೇಕು.

ನಾಯ್ಸ್ ಅಳೆಯುವಾಗ 400ಇ ಬಗ್ಗೆ ಎರಡು ವಿಷಯ ನೆನಪಿರ್ಲಿ. ಅದು 10 ಮೆಗಾಹರ್ಟ್ಜ್ ವರೆಗೂ ಓದುತ್ತೆ, ಕಿವಿಗೆ ಸಂಬಂಧವೇ ಇಲ್ಲದ ರೇಡಿಯೋ ಕಸಾನೂ ಅದರೊಳಗೆ ಬರುತ್ತೆ, ಅದಕ್ಕೆ ಮುಂದೆ 1 ಕಿಲೋ ಓಮ್, 8.2 ನ್ಯಾನೋಫ್ಯಾರಡ್‌ನ ಸಣ್ಣ ಫಿಲ್ಟರ್ ಹಾಕ್ತೀನಿ, ಕಟ್ ಆಗೋದು 19.4 ಕಿಲೋಹರ್ಟ್ಜ್‌ಗೆ. ಎರಡನೇದು, ಸ್ಕೇಲ್ ಆರ್‌ಎಂಎಸ್ (ಪವರ್ ಲೆಕ್ಕಕ್ಕೆ ಬಳಸೋ ವೋಲ್ಟೇಜ್) ಅಂದ್ರೂ ಮೀಟರ್ ಓದೋದು ಸರಾಸರಿ, ಸೈನ್ ವೇವ್‌ಗೆ ಮಾತ್ರ ಸರಿ, ಹಿಸ್ ಥರದ ನಾಯ್ಸ್‌ಗೆ ಸುಮಾರು 1 ಡಿಬಿ ಕಡಿಮೆ ತೋರಿಸುತ್ತೆ. ಇನ್‌ಪುಟ್ ಶಾರ್ಟ್ ಮಾಡಿದಾಗ 0.25 ಮಿಲಿವೋಲ್ಟ್ ಬಂತು, 20 ವೋಲ್ಟ್‌ಗೆ ಹೋಲಿಸಿದ್ರೆ 98 ಡಿಬಿ, ನಾನು 97 ಅಂತ ಬರ್ಕೊಂಡೆ.

ಡ್ಯಾಂಪಿಂಗ್ ಫ್ಯಾಕ್ಟರ್‌ಗೆ (8 ಓಮ್‌ನ ಆಂಪ್‌ನ ಔಟ್‌ಪುಟ್ ರೆಸಿಸ್ಟೆನ್ಸ್‌ನಿಂದ ಭಾಗಿಸಿದ್ರೆ ಬರೋ ಸಂಖ್ಯೆ) ಲೋಡ್ ಹಾಕಿ ತೆಗೆದು ಎರಡು ವೋಲ್ಟೇಜ್ ಓದೋ ವಿಧಾನ ಮುಳ್ಳಿನ ಮೀಟರ್‌ಗೆ ಆಗಿಬರಲ್ಲ, 10 ವೋಲ್ಟ್‌ಗೂ 9.9ಕ್ಕೂ ವ್ಯತ್ಯಾಸ ಯಾರು ಓದ್ತಾರೆ. ನಾನು ಉಲ್ಟಾ ಮಾಡ್ತೀನಿ. ಟೆಸ್ಟ್ ಮಾಡ್ಬೇಕಿರೋ ಆಂಪ್ ಆನ್ ಇರುತ್ತೆ, ಅದರ ಇನ್‌ಪುಟ್ ಶಾರ್ಟ್, ಇನ್ನೊಂದು ಆಂಪ್‌ನಿಂದ 8 ಓಮ್ ರೆಸಿಸ್ಟರ್ ಮೂಲಕ ಇದರ ಔಟ್‌ಪುಟ್‌ಗೆ ಕರೆಂಟ್ ತಳ್ಳೋದು, ಗ್ರೌಂಡ್ ಎರಡಕ್ಕೂ ಒಂದೇ. ರೆಸಿಸ್ಟರ್ ಮೇಲೆ 8 ವೋಲ್ಟ್ ಬರೋ ಹಾಗೆ ಇಟ್ರೆ ಕರೆಂಟ್ ಸರಿಯಾಗಿ 1 ಆಂಪಿಯರ್, ಆಗ ಔಟ್‌ಪುಟ್ ಟರ್ಮಿನಲ್ ಮೇಲೆ ಎಷ್ಟು ಮಿಲಿವೋಲ್ಟ್ ಬರುತ್ತೋ ಅಷ್ಟೇ ಮಿಲಿಓಮ್. ಮೀಟರ್ ತಂತಿ ಟರ್ಮಿನಲ್‌ಗೇ ತಾಗಬೇಕು, ಕರೆಂಟ್ ಹೋಗೋ ತಂತಿಯ ತುದಿಗಲ್ಲ, ಇಲ್ಲಾಂದ್ರೆ ತಂತಿಯ ರೆಸಿಸ್ಟೆನ್ಸೂ ಲೆಕ್ಕಕ್ಕೆ ಸೇರುತ್ತೆ. ಈ ಆಂಪ್‌ಗೆ 1 ಕಿಲೋಹರ್ಟ್ಜ್‌ನಲ್ಲಿ 80 ಮಿಲಿವೋಲ್ಟ್, ಅಂದ್ರೆ ಡ್ಯಾಂಪಿಂಗ್ ಫ್ಯಾಕ್ಟರ್ 100. 20 ಕಿಲೋಹರ್ಟ್ಜ್‌ನಲ್ಲಿ 260 ಮಿಲಿವೋಲ್ಟ್ ಹತ್ತಿರ ಬಂತು, ಡ್ಯಾಂಪಿಂಗ್ ಫ್ಯಾಕ್ಟರ್ 30ಕ್ಕೆ ಇಳೀತು, ಅದಕ್ಕೆ ಕಾರಣ ಔಟ್‌ಪುಟ್‌ನಲ್ಲಿರೋ 2 ಮೈಕ್ರೋಹೆನ್ರಿ ಕಾಯಿಲ್, ಉದ್ದ ಕೇಬಲ್‌ನ ಕೆಪಾಸಿಟೆನ್ಸ್‌ಗೆ ಆಂಪ್ ಆಸಿಲೇಟ್ ಆಗದಿರ್ಲಿ ಅಂತ ಹಾಕಿರೋದು, ಅದನ್ನ ತೆಗೆಯೋಕೆ ಹೋಗ್ಬೇಡಿ.