65 ಡಿಗ್ರಿಯಲ್ಲಿ ಉಳಿದುಕೊಂಡ ಕಿಣ್ವ: ನನ್ನ ಅನುಭವ

ಇಲಿಯ ಯಕೃತ್ತಿನಿಂದ ಟೈರೋಸಿನ್ ಅಮೈನೋಟ್ರಾನ್ಸ್‌ಫರೇಸ್ ಕಿಣ್ವವನ್ನು (ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಮಾರ್ಪಡಿಸುವಂಥದ್ದು) ಬೇರ್ಪಡಿಸುವಾಗ, ಪ್ರೋಟೀನುಗಳನ್ನು ಬೇರೆಬೇರೆ ಮಾಡುವ ಕಾಲಮ್‌ಗೆ ಹಾಕುವ ಮೊದಲು ಸಾರವನ್ನು 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತೇನೆಂದಾಗ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ನಕ್ಕರು. ಮಂಜುಗಡ್ಡೆಯ ಮೇಲಿಟ್ಟರೂ ಸೊರಗುವ ಕಿಣ್ವವನ್ನು ಬಿಸಿನೀರಿಗೆ ಇಳಿಸುವುದೆಂದರೇನು ಎಂಬುದು ಅವರ ವಾದವಾಗಿತ್ತು. ಈ ವಿಧಾನವೇನೂ ನನ್ನದಲ್ಲ, 1960ರ ದಶಕದಿಂದಲೂ ಇದೆ. ಸಿದ್ಧ ಕಾಲಮ್‌ಗಳಿಗೆ ಒಗ್ಗಿದವರಿಗೆ ಅದರ ಮೇಲೆ ನಂಬಿಕೆಯಿಲ್ಲ, ಅಷ್ಟೇ.

ಬರಿಯ ಸಾರವನ್ನು ಕಾಯಿಸಿದಾಗ ಎಲ್ಲವೂ ಒಡೆದ ಹಾಲಿನಂತೆ ಗಂಟುಕಟ್ಟಿತು, ಮೇಲೆ ಉಳಿದ ತಿಳಿಯಲ್ಲಿ ಚಟುವಟಿಕೆಯೇ ಇರಲಿಲ್ಲ. ಈ ಕಿಣ್ವ ತನ್ನ ಕ್ರಿಯೆಯಲ್ಲಿ ಬಳಸುವ ಆಲ್ಫಾ-ಕೀಟೋಗ್ಲುಟರೇಟ್ ಒಂದನ್ನೇ ಬೆರೆಸಿದಾಗ ಅರ್ಧದಷ್ಟು ಉಳಿಯಿತು. ಅದರ ಸಹಕಿಣ್ವವಾದ ಪಿರಿಡಾಕ್ಸಲ್ ಫಾಸ್ಫೇಟನ್ನೂ (ಬಿ6 ಜೀವಸತ್ವದ ಒಂದು ರೂಪ) ಸೇರಿಸಿದ ಮೇಲೆ ಸುಮಾರು ಮುಕ್ಕಾಲು ಭಾಗ ಕೈಗೆ ಬಂತು, ಅನಗತ್ಯ ಪ್ರೋಟೀನಿನ ಬಹುಪಾಲು ಸೆಂಟ್ರಿಫ್ಯೂಜ್ ನಳಿಕೆಯ ತಳಕ್ಕಿಳಿಯಿತು. ಪಿಎಚ್ ಸ್ಥಿರವಾಗಿಡಲು ಬಳಸುವ ಟ್ರಿಸ್ ಬಫರ್ ಪಿರಿಡಾಕ್ಸಲ್ ಫಾಸ್ಫೇಟಿನ ಜೊತೆ ತಾನೇ ಕೂಡಿಕೊಳ್ಳುವುದರಿಂದ ಇಲ್ಲಿ ಪೊಟಾಷಿಯಂ ಫಾಸ್ಫೇಟ್ ಬಫರೇ ಸರಿ. ಬಿಸಿ ಎಷ್ಟು ವೇಗವಾಗಿ ಏರಬೇಕು, ಯಾವ ಗಳಿಗೆಯಲ್ಲಿ ಮಂಜಿಗೆ ಹಾಕಬೇಕು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಣ ಹೆಚ್ಚು ಸೋರಿದ್ದು ಕಿಣ್ವದ ಚಟುವಟಿಕೆಯ ಅಳತೆಯಲ್ಲಿ. ಕಿಟ್‌ಗೆ ತೆರುತ್ತಿದ್ದ ಮೊತ್ತದ ಹತ್ತನೇ ಒಂದು ಭಾಗದಲ್ಲಿ ಈಗ ಇಡೀ ವರ್ಷದ ಅಳತೆ ಮುಗಿಯುತ್ತದೆ: ಪ್ರಬಲ ಕ್ಷಾರ ಸುರಿದರೆ ಕ್ರಿಯೆ ನಿಲ್ಲುತ್ತದೆ, ಟೈರೋಸಿನ್‌ನಿಂದ ಕಿಣ್ವ ಮಾಡಿದ ಉತ್ಪನ್ನವು ಪ್ಯಾರಾ-ಹೈಡ್ರಾಕ್ಸಿಬೆಂಜಾಲ್ಡಿಹೈಡ್ ಆಗಿ ಮಾರ್ಪಡುತ್ತದೆ, ಅರ್ಧ ಗಂಟೆ ಬಿಟ್ಟು 331 ನ್ಯಾನೋಮೀಟರ್‌ನ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ಓದಿದರಾಯಿತು. ಸಾಧಾರಣ ಪ್ಲಾಸ್ಟಿಕ್ ಕ್ಯುವೆಟ್ (ದ್ರಾವಣ ತುಂಬಿ ಬೆಳಕು ಹಾಯಿಸುವ ಪುಟ್ಟ ಪಾತ್ರೆ) ಆ ತರಂಗಾಂತರದಲ್ಲಿ ಕೈಕೊಡುವುದರಿಂದ ಕ್ವಾರ್ಟ್ಜ್ ಕೊಳ್ಳಬೇಕಾಯಿತು, ಆದರೆ ಕ್ಷಾರ ಅದನ್ನೂ ತಿನ್ನುತ್ತದೆ. ಓದಿದ ತಕ್ಷಣ ತೊಳೆಯದ ಒಂದು ಜೊತೆ ಒಂದೇ ಋತುವಿನಲ್ಲಿ ಮಂಕಾಯಿತು. ಟೈರೋಸಿನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಲೀಟರಿಗೆ ಅರ್ಧ ಗ್ರಾಂ ಕೂಡ ಕಷ್ಟ. ಅದರ ಬಿಳಿಯ ಕಣಗಳು ತೇಲುತ್ತಿದ್ದರೆ ಓದುವ ಅಂಕಿಗೆ ಅರ್ಥವೇ ಇಲ್ಲ. ಕಚ್ಚಾ ಸಾರದಲ್ಲಿ ಮುಂದಿನ ಕಿಣ್ವವು ಉತ್ಪನ್ನವನ್ನು ಕಬಳಿಸದಂತೆ ಡೈಈಥೈಲ್‌ಡೈಥಯೋಕಾರ್ಬಮೇಟ್ ಹಾಕುವುದನ್ನೂ ಮರೆಯಬಾರದು.

ಇನ್ನೊಂದು ಒಗಟು ಬಹುಕಾಲ ಕಾಡಿತು. ಖರ್ಚು ಉಳಿಸಲು ಬೇರೆ ಪ್ರಯೋಗಗಳಲ್ಲಿ ಉಳಿದ ಯಕೃತ್ತನ್ನೇ ಪಡೆಯುತ್ತಿದ್ದೆ, ಒಂದು ತಂಡ ಕೊಟ್ಟದ್ದರಲ್ಲಿ ಚಟುವಟಿಕೆ ಸದಾ ಕಡಿಮೆ. ಅವರದು ಬೆಳಗಿನ ಸಂಗ್ರಹ. ಇಲಿ ತಿನ್ನುವುದು ಹೆಚ್ಚಾಗಿ ಇರುಳಿನಲ್ಲಿ, ಅದರ ಈ ಕಿಣ್ವವು ಆಹಾರದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ, ಅರ್ಧಾಯುಷ್ಯವೂ ಎರಡು ಗಂಟೆಯ ಆಸುಪಾಸು ಮಾತ್ರ. ಇರುಳಿನ ಸಂಗ್ರಹ ಸಿಕ್ಕಾಗ ಅದೇ ತೂಕದ ಅಂಗಾಂಶದಿಂದ ಮೂರು ಪಟ್ಟಿಗೂ ಹೆಚ್ಚು ಬಂತು. ಆ ಹುರುಪಿನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದ ಪ್ರಾಣಿಗಳ ಅಂಗಾಂಶವನ್ನೂ ಅಳೆದೆ. ಅಂಕಿ ಇನ್ನೂ ಮೇಲೇರಿತು, ಆದರೆ ಅಷ್ಟು ಕಿಣ್ವ ನನಗೆ ಬೇಕಿರಲಿಲ್ಲ.

ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಈಗಲೂ 50 ಕಿಲೋಡಾಲ್ಟನ್ (ಅಣುತೂಕದ ಮಾನ) ಸುತ್ತಮುತ್ತ ಒಂದರ ಬದಲು ಎರಡು ಪಟ್ಟಿಗಳು ಕಾಣುತ್ತವೆ. ಅಂಗಾಂಶವನ್ನು ಅರೆಯುವಾಗ ಕೋಶದೊಳಗಿನ ಲೈಸೋಸೋಮ್ ಚೀಲಗಳಿಂದ ಹೊರಬಂದ ಪ್ರೋಟಿಯೇಸ್ (ಪ್ರೋಟೀನನ್ನು ಕತ್ತರಿಸುವಂಥದ್ದು) ನನ್ನ ಕಿಣ್ವದ ತುದಿಯನ್ನು ಕತ್ತರಿಸುವುದೇ ಅದಕ್ಕೆ ಕಾರಣ. ಕತ್ತರಿಸಿದ ರೂಪವೂ ಕೆಲಸ ಮಾಡುವುದರಿಂದ ಅಳತೆಗೆ ತೊಂದರೆಯಿಲ್ಲ. ಇಡಿಯ ರೂಪವೇ ಬೇಕಾದವರು ಬಫರಿನ ಪಿಎಚ್ ಅನ್ನು 8ರ ಹತ್ತಿರಕ್ಕೇರಿಸಿ, ಅರೆಯುವ ಮತ್ತು ಕಾಯಿಸುವ ನಡುವಿನ ಸಮಯವನ್ನು ಆದಷ್ಟು ತಗ್ಗಿಸಬೇಕು.