ಒಂದೇ ಮಗು, ಎರಡು ಚೀಟಿ

ಮಕ್ಕಳ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಹನ್ನೊಂದು ವರ್ಷ ಕೂತವಳು ನಾನು. ಬಂದ ಮಗುವಿನ ತುರ್ತನ್ನು ನಮ್ಮಲ್ಲಿ ಬಣ್ಣದಿಂದ ಗುರುತಿಸುತ್ತಾರೆ: ಕೆಂಪು ಎಂದರೆ ತಕ್ಷಣ, ಹಳದಿ ಎಂದರೆ ಬೇಗ, ಹಸಿರು ಎಂದರೆ ಕಾಯಬಹುದು. ಬೆಳಗಿನ ಸಿಸ್ಟರ್ ಹಳದಿ ಕೊಡುವಂಥ ಮಗುವಿಗೆ ರಾತ್ರಿಯವರು ಹಸಿರು ಕೊಡುವುದನ್ನು ನೋಡಿ ಸಾಕಾಗಿತ್ತು. ‘ಅವರವರ ಕಣ್ಣು, ಅವರವರ ಅಂದಾಜು, ಇದನ್ನೇನು ಸರಿಮಾಡುತ್ತೀರಿ?’ ಎಂದು ನಮ್ಮ ವೈದ್ಯರೊಬ್ಬರು ನಕ್ಕಿದ್ದರು. ಈಗ ಅವರೇ ಚೀಟಿ ಕೇಳಿ ತರಿಸಿಕೊಳ್ಳುತ್ತಾರೆ.

ಮೊದಲು ದುಡ್ಡು ಕಳೆದೆ. ಮಗುವಿನ ತುರ್ತನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಇಟ್ಯಾಟ್ (ETAT) ಪಟ್ಟಿಯನ್ನು ದೊಡ್ಡದಾಗಿ ಮುದ್ರಿಸಿ ಲ್ಯಾಮಿನೇಟ್ ಮಾಡಿಸಲು ಎರಡೂವರೆ ಸಾವಿರ ರೂಪಾಯಿ, ಅರ್ಧ ನನ್ನದೇ. ತಿಂಗಳೊಳಗೆ ಅದರ ಮೇಲೆ ಡ್ಯೂಟಿ ಪಟ್ಟಿ ಅಂಟಿತು! ಆಮೇಲೆ ಎರಡು ದಿನದ ತರಬೇತಿ; ಊಟ, ಚಹಾಕ್ಕೆ ಆರು ಸಾವಿರದ ಹತ್ತಿರ. ಪರೀಕ್ಷೆಯಲ್ಲಿ ಎಲ್ಲರಿಗೂ ಒಳ್ಳೆಯ ಅಂಕ, ಬಾಗಿಲಲ್ಲಿ ಮತ್ತೆ ಹಳೆಯ ಚಾಳಿ.

ಕೊನೆಗೆ ಹಿಡಿದದ್ದು ಎರಡು ಚೀಟಿ. ಪಾಳಿ ಬದಲಾಗುವಾಗ ಹೇಗೂ ಇಬ್ಬರಿರುತ್ತಾರೆ. ಆಗ ಬಂದ ಮಗುವನ್ನು ಇಬ್ಬರೂ ಮಾತಾಡಿಕೊಳ್ಳದೆ ನೋಡಿ, ಬಣ್ಣವನ್ನೂ ಉಸಿರಿನ ಎಣಿಕೆಯನ್ನೂ ಬರೆದು ಹೋಲಿಸಬೇಕು. ಬೇರೆಯಾದರೆ ಹೆಚ್ಚು ತುರ್ತಿನ ಬಣ್ಣವೇ ಮಗುವಿಗೆ. ಕೆಂಪು ಎಂದು ಒಬ್ಬರಿಗೆ ಅನಿಸಿದರೂ ಚೀಟಿಯಿಲ್ಲ, ನೇರ ಒಳಗೆ.

ಮೊದಲ ತಿಂಗಳು ಅರವತ್ತರಷ್ಟು ಮಕ್ಕಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಬಣ್ಣ ತಾಳೆಯಾಗಲಿಲ್ಲ. ಜಗಳವೆಲ್ಲ ಹಳದಿ–ಹಸಿರಿನ ನಡುವೆ. ಪಟ್ಟಿ ಎಲ್ಲರಿಗೂ ಬಾಯಿಪಾಠ, ಕೆಟ್ಟದ್ದು ಎಣಿಕೆ. ಹತ್ತು ತಿಂಗಳ ಮಗುವೊಂದರ ಉಸಿರನ್ನು ಒಬ್ಬರು ಹದಿನೈದು ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ 52 ಬರೆದಿದ್ದರು. ಪೂರ್ತಿ ನಿಮಿಷ ಎಣಿಸಿದವರಿಗೆ 46. ಆ ವಯಸ್ಸಿಗೆ ಗಡಿ ನಿಮಿಷಕ್ಕೆ 50; ಅಷ್ಟಾದರೆ ಅಥವಾ ದಾಟಿದರೆ ಉಸಿರಾಟ ವೇಗವಾಗಿದೆ ಎಂದರ್ಥ. ಅಂದಿನಿಂದ ಪೂರ್ತಿ ನಿಮಿಷ, ತಾಯಿಯ ಮಡಿಲಲ್ಲೇ, ಥರ್ಮಾಮೀಟರ್ ಮುಟ್ಟಿಸುವ ಮೊದಲೇ. ಎರಡು ತಿಂಗಳೊಳಗಿನ ಕೂಸು ನಗುತ್ತಿದ್ದರೂ ಹಳದಿಗಿಂತ ಕೆಳಗಿಲ್ಲ; ಇದನ್ನೂ ಎಷ್ಟು ಜನ ಮರೆಯುತ್ತಿದ್ದರು!

ನಡುವೆ, ಉಸಿರಿಗೊಮ್ಮೆ ಮೊಬೈಲ್ ಪರದೆ ಒತ್ತಿ ಎಣಿಸುವುದನ್ನೂ ನೋಡಿದೆ. ಮಗು ಎದೆಯನ್ನು ಬಿಟ್ಟು ಮೊಬೈಲಿಗೇ ಕೈಚಾಚಿತು. ಅದನ್ನು ಬಿಟ್ಟು, ಮುನ್ನೂರು ರೂಪಾಯಿಯ ಗೋಡೆ ಗಡಿಯಾರವನ್ನು ಮಗುವಿನ ತಲೆಯ ಹಿಂದಿನ ಗೋಡೆಗೆ ಹಾಕಿಸಿದೆ.

ಆರು ತಿಂಗಳಿಗೆ, ಅಷ್ಟೇ ಮಕ್ಕಳಲ್ಲಿ ಏಳೆಂಟರದ್ದು ಮಾತ್ರ ಬೇರೆ. ಖರ್ಚು ತಿಂಗಳಿಗೆ ನೂರೈವತ್ತು ರೂಪಾಯಿಯ ಚೀಟಿ ಪುಸ್ತಕ. ಯಾರಿಗೆ ಯಾರನ್ನು ಜೋಡಿ ಹಾಕುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದರಲ್ಲೇ ಅರ್ಧ ಕೆಲಸವಿದೆ. ನೋವಿನ ವಿಷಯದಲ್ಲಿ ಇನ್ನೂ ಸೋಲುತ್ತಿದ್ದೇನೆ: ಕಿರುಚುವ ಮಗುವಿಗೆ ಎಲ್ಲರೂ ಹಳದಿ ಕೊಡುತ್ತಾರೆ, ಹಲ್ಲು ಕಚ್ಚಿ ಕೂತ ಎಂಟು ವರ್ಷದ ಹುಡುಗನಿಗೆ ಒಬ್ಬೊಬ್ಬರದು ಒಂದೊಂದು ಬಣ್ಣ.